ದೀಪ ಆರಿಸಿ ಕಳಿಸಬೇಡಿ, ಬ್ರೇಕ್ ನೋಡಿ ಕಳಿಸಿ

ಇವರಿಗೆ:
ಸಾರಿಗೆ ಆಯುಕ್ತರು, ಕರ್ನಾಟಕ ಸರ್ಕಾರ
ಹಾಗೂ ಮೈಸೂರು, ಮಂಡ್ಯ ಜಿಲ್ಲೆಗಳಲ್ಲಿ ಕಾರು ಮಾರಿ ಸರ್ವಿಸ್ ಮಾಡುವ ಎಲ್ಲ ಕಂಪನಿಗಳ ಮುಖ್ಯಸ್ಥರು

ಮಾನ್ಯರೆ,

ನಾನು ಪಾಂಡವಪುರ ತಾಲೂಕಿನ ಒಂದು ಹಳ್ಳಿಯವಳು. ಮೈಸೂರಿನ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಹದಿನಾಲ್ಕು ವರ್ಷದಿಂದ ಐಸಿಯುನಲ್ಲಿದ್ದೇನೆ. ತಿಂಗಳಲ್ಲಿ ಹತ್ತು ದಿನವಾದರೂ ರಾತ್ರಿ ಪಾಳಿ ಬೀಳುತ್ತದೆ. ಆ ಹೊತ್ತಿಗೆ ನಮ್ಮೂರಿಂದ ಬಸ್ ನಂಬಿಕೊಂಡು ಹೋಗಲು ಆಗುವುದಿಲ್ಲ. ಅದಕ್ಕೇ 2021ರಲ್ಲಿ ಸಾಲ ಮಾಡಿ ಒಂದು ಸಣ್ಣ ಕಾರು ತಗೊಂಡೆವು. ಅದನ್ನು ಓಡಿಸುವವಳು ನಾನೇ. ನಮ್ಮ ಯಜಮಾನರು ಟ್ರ್ಯಾಕ್ಟರ್ ಬಿಟ್ಟು ಬೇರೆ ಗಾಡಿ ಮುಟ್ಟುವುದಿಲ್ಲ.

ಕಳೆದ ಸಂಕ್ರಾಂತಿಯಿಂದ ಮೇ ತಿಂಗಳವರೆಗೆ ಆ ಕಾರಿನಲ್ಲಿ ಬ್ರೇಕಿನ ದೀಪ ಹತ್ತುತ್ತಲೇ ಇತ್ತು. ನಾಲ್ಕು ಸಲ ಕಂಪನಿಯ ಸರ್ವಿಸ್ ಸೆಂಟರಿಗೆ ಬಿಟ್ಟೆ. ನಾಲ್ಕು ಸಲವೂ ದೀಪ ಆರಿಸಿ ಕೊಟ್ಟರು. ನಾಲ್ಕು ಸಲವೂ ಅದು ಮತ್ತೆ ಹತ್ತಿತು. ಯಾವ ಕಂಪನಿ, ಯಾವ ಸರ್ವಿಸ್ ಸೆಂಟರ್ ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಇದು ಒಂದು ಅಂಗಡಿಯ ಮೇಲಿನ ಜಗಳವಾಗಿಬಿಡುತ್ತದೆ. ನಮ್ಮ ವಾರ್ಡಿನಲ್ಲಿ ಕಾರು ಇರುವವರನ್ನೆಲ್ಲ ಕೇಳಿದೆ. ಬೇರೆ ಬೇರೆ ಕಂಪನಿಯ ಗಾಡಿ ಇಟ್ಟುಕೊಂಡವರೂ ಹೆಚ್ಚು ಕಡಿಮೆ ಇದೇ ಮಾತು ಹೇಳಿದರು. ಹಾಗಾಗಿ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಜನವರಿ 17ರ ಬೆಳಿಗ್ಗೆ. ಪಾಳಿ ಮುಗಿಸಿ ವಾಪಸ್ ಬರುತ್ತಿದ್ದೆ. ಕಿರಂಗೂರು ದಾಟಿ ಬಂದು, ನಾಲೆ ಸೇತುವೆಯ ಹತ್ತಿರ ನಮ್ಮೂರ ಕಡೆ ಬಲಕ್ಕೆ ತಿರುಗಿಸಿದೆ. ಅಲ್ಲಿ ಸ್ಟೇರಿಂಗ್ ಪೂರ್ತಿ ಎಳೆಯಬೇಕು. ಎಳೆಯುತ್ತಿದ್ದ ಹಾಗೇ ಮೀಟರಿನಲ್ಲಿ ಎರಡು ಹಳದಿ ದೀಪ ಹತ್ತಿದವು. ಒಂದರಲ್ಲಿ ಎಬಿಎಸ್ ಎಂಬ ಅಕ್ಷರ, ಇನ್ನೊಂದರಲ್ಲಿ ಜಾರುತ್ತಿರುವ ಕಾರಿನ ಚಿತ್ರ. ಮನೆಗೆ ಬಂದು ಕಾರಿನ ಜೊತೆ ಕೊಟ್ಟಿದ್ದ ಪುಸ್ತಕ ತೆಗೆದು ಓದಿದೆ. ಮಾಮೂಲಿ ಬ್ರೇಕ್ ಹಿಡಿಯುತ್ತದೆ, ಆದರೆ ಎಬಿಎಸ್, ಅಂದರೆ ಬ್ರೇಕ್ ಜೋರಾಗಿ ತುಳಿದಾಗ ಚಕ್ರ ಕಚ್ಚಿಕೊಳ್ಳದ ಹಾಗೆ ನೋಡಿಕೊಳ್ಳುವ ಏರ್ಪಾಡು, ಕೆಲಸ ಮಾಡುವುದಿಲ್ಲ, ಬೇಗ ಸರ್ವಿಸ್ ಸೆಂಟರಿಗೆ ತೋರಿಸಿ ಎಂದು ಬರೆದಿತ್ತು.

20ನೇ ತಾರೀಕು ಬಿಟ್ಟೆ. ಸರ್ವಿಸ್ ಅಡ್ವೈಸರ್ ಹುಡುಗ ಒಳ್ಳೆಯವನೇ. 'ತಿರುಗಿಸುವಾಗ ಹತ್ತುತ್ತದಪ್ಪ' ಎಂದು ಎರಡು ಸಲ ಹೇಳಿದೆ. ಸಂಜೆ ಹೋದಾಗ, 'ಸೆನ್ಸರಲ್ಲಿ ಧೂಳಿತ್ತು ಮೇಡಂ, ಕ್ಲೀನ್ ಮಾಡಿದೀವಿ, ಇನ್ನು ಬರಲ್ಲ' ಎಂದ. ಬಿಲ್ಲು ₹1,062. ಹನ್ನೊಂದನೇ ದಿನ ಅದೇ ಸೇತುವೆ, ಅದೇ ತಿರುವು, ಅದೇ ದೀಪ.

ನಮ್ಮ ರಸ್ತೆ ಎಂಥದ್ದು ಅಂತ ಹೇಳಬೇಕು. ಒಂದು ಕಡೆ ವಿಶ್ವೇಶ್ವರಯ್ಯ ನಾಲೆ, ಇನ್ನೊಂದು ಕಡೆ ಗದ್ದೆ. ಕಬ್ಬು ಕಡಿಯುವ ಕಾಲದಲ್ಲಿ ರಾತ್ರಿಯೆಲ್ಲ ಟ್ರ್ಯಾಕ್ಟರುಗಳು ಜೋಡಿ ಟ್ರೇಲರ್ ಎಳೆದುಕೊಂಡು ಹೋಗುತ್ತವೆ. ಎಷ್ಟಕ್ಕೋ ಹಿಂದೆ ದೀಪವಿಲ್ಲ, ರಿಫ್ಲೆಕ್ಟರೂ ಇಲ್ಲ. ಮುಂದೆ ಟ್ರೇಲರ್ ಇದೆ ಅಂತ ಗೊತ್ತಾಗುವ ಹೊತ್ತಿಗೆ ಅದು ಹತ್ತಿರವೇ ಬಂದಿರುತ್ತದೆ. ಆಗ ಬ್ರೇಕನ್ನು ಜೋರಾಗಿ ತುಳಿಯಲೇಬೇಕು. ಎಬಿಎಸ್ ಇರುವುದು ಆ ಒಂದು ಗಳಿಗೆಗೆ. ನಾಲ್ಕೂ ಚಕ್ರದ ಹತ್ತಿರ ಒಂದೊಂದು ಸೆನ್ಸರ್ ಕೂತು, ಚಕ್ರ ಎಷ್ಟು ಜೋರಾಗಿ ತಿರುಗುತ್ತಿದೆ ಎಂದು ಲೆಕ್ಕ ಕೊಡುತ್ತಿರುತ್ತದೆ. ಯಾವುದಾದರೂ ಚಕ್ರ ನಿಂತು ಜಾರತೊಡಗಿದರೆ, ಆ ಚಕ್ರದ ಬ್ರೇಕನ್ನು ಸೆಕೆಂಡಿಗೆ ಹಲವು ಸಲ ಬಿಟ್ಟು ಹಿಡಿದು ಮಾಡುತ್ತದೆ. ಹಾಗಾಗಿ ಬ್ರೇಕ್ ತುಳಿದುಕೊಂಡೇ ಸ್ಟೇರಿಂಗ್ ತಿರುಗಿಸಿ ಪಾರಾಗಬಹುದು. ಅದಿಲ್ಲದಿದ್ದರೆ ಚಕ್ರ ಕಚ್ಚಿಕೊಳ್ಳುತ್ತದೆ. ಸ್ಟೇರಿಂಗ್ ತಿರುಗಿಸಿದರೂ ಕಾರು ನೆಟ್ಟಗೆ ಹೋಗುತ್ತದೆ. ನಮ್ಮ ದಾರಿಯಲ್ಲಿ ನೆಟ್ಟಗೆ ಹೋದರೆ ಟ್ರೇಲರು, ಅಂಚಿಗೆ ಜಾರಿದರೆ ನಾಲೆ.

2018ರ ನವೆಂಬರ್ 24ರಂದು ಕನಗನಮರಡಿ ಹತ್ತಿರ ಬಸ್ಸು ನಾಲೆಗೆ ಬಿದ್ದು 30 ಜನ ತೀರಿಕೊಂಡರು. ಅದರಲ್ಲಿ ಶಾಲೆ ಮಕ್ಕಳೂ ಇದ್ದರು. ಅದಕ್ಕೆ ಬ್ರೇಕ್ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಆ ದಿನ ಕಂಡ ಈ ಕಡೆಯ ಜನ ನಾಲೆ ಏರಿಯ ಮೇಲೆ ಗಾಡಿ ಓಡಿಸುವಾಗ ಇವತ್ತಿಗೂ ಮಾತು ನಿಲ್ಲಿಸಿಬಿಡುತ್ತಾರೆ. ನಾನೂ ಅಷ್ಟೇ. ಮೀಟರಿನಲ್ಲಿ ಬ್ರೇಕಿನ ದೀಪ ಉರಿಯುತ್ತಿರುವಾಗ ಆ ಏರಿಯ ಮೇಲೆ ರಾತ್ರಿ ಒಬ್ಬಳೇ ಬರುವುದು ಹೇಗಿರುತ್ತದೆ ಎಂದು ನಿಮಗೆ ತಿಳಿಯಲಿ ಅಂತ ಇಷ್ಟು ಬರೆದೆ.

ಎರಡನೇ ಸಲ ಹೋಗುವ ಮೊದಲು ಇನ್ನೊಂದಾಯಿತು. ಫೆಬ್ರವರಿಯ ಒಂದು ಶುಕ್ರವಾರ ಅತ್ತೆಯನ್ನೂ ಮಗಳನ್ನೂ ಚಾಮುಂಡಿ ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದೆ. ಇಳಿಯುವಾಗ, ತಿರುವು ಬಂದಾಗೆಲ್ಲ ಕೆಂಪು ದೀಪ ಮಿನುಗಿತು. ವೃತ್ತದೊಳಗೆ ಆಶ್ಚರ್ಯಸೂಚಕ ಚಿಹ್ನೆ ಇರುತ್ತದಲ್ಲ, ಅದು. ಹಳದಿ ಬೇರೆ, ಕೆಂಪು ಬೇರೆ. ಹ್ಯಾಂಡ್‌ಬ್ರೇಕ್ ಎಳೆದಿದ್ದರೂ ಕೆಂಪು ಹತ್ತುತ್ತದೆ, ಬ್ರೇಕ್ ಆಯಿಲ್ ಕಡಿಮೆಯಾದರೂ ಹತ್ತುತ್ತದೆ. ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೂ ಹತ್ತಿದರೆ ಗಾಡಿ ನಿಲ್ಲಿಸಬೇಕು. ಬೆಟ್ಟ ಊರಿಗಿಂತ ಸುಮಾರು 300 ಮೀಟರ್ ಎತ್ತರದಲ್ಲಿದೆ. ಇಳಿಜಾರಿನಲ್ಲಿ ನಿಲ್ಲಿಸಲು ಜಾಗ ಸಿಗುವವರೆಗೆ ಎರಡನೇ ಗೇರಿನಲ್ಲಿ ಇಳಿಸಿದೆ. ಹಿಂದಿನ ಸೀಟಿನಲ್ಲಿ ಅತ್ತೆ ಕುಂಕುಮದ ಪೊಟ್ಟಣ ಹಿಡಿದುಕೊಂಡು ಸುಮ್ಮನೆ ಕೂತಿದ್ದರು. ಅವರಿಗೆ ನಾನೇನೂ ಹೇಳಲಿಲ್ಲ.

ಮಾರನೇ ದಿನವೇ ಸರ್ವಿಸ್ ಸೆಂಟರ್. ಬ್ರೇಕ್ ಆಯಿಲ್ ಕಡಿಮೆಯಿತ್ತು, ಟಾಪ್ ಅಪ್ ಮಾಡಿದೆವು ಅಂದರು. ಎಬಿಎಸ್ ದೀಪದ ಕೋಡ್ ಅಳಿಸಿದೆವು ಅಂದರು. ಕೋಡ್ ಅಂದರೆ, ಯಾವ ದೋಷಕ್ಕೆ ದೀಪ ಹತ್ತಿತು ಎಂದು ಕಾರು ತನ್ನ ನೆನಪಿನಲ್ಲಿ ಇಟ್ಟುಕೊಳ್ಳುವ ಗುರುತು. ಕೆಂಪೂ ಆರಿತು, ಹಳದಿಯೂ ಆರಿತು. ಅರ್ಧ ಗಂಟೆಯ ಕೆಲಸ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಏಕೆಂದರೆ ಇಡೀ ತಪ್ಪು ಈ ಅರ್ಧ ಗಂಟೆಯಲ್ಲಿದೆ.

ಬ್ರೇಕ್ ಆಯಿಲ್ ಎಂಜಿನ್ ಆಯಿಲಿನ ಹಾಗೆ ಉರಿದು ಖರ್ಚಾಗುವ ಪದಾರ್ಥ ಅಲ್ಲ. ಮುಚ್ಚಿದ ಪೈಪಿನೊಳಗೇ ಇರುತ್ತದೆ. ಅದು ಕಡಿಮೆಯಾಗಿದೆ ಎಂದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು. ಎಲ್ಲೋ ಸೋರುತ್ತಿದೆ. ಇಲ್ಲವೇ ಚಕ್ರವನ್ನು ನಿಲ್ಲಿಸಲು ಒತ್ತಿ ಹಿಡಿಯುವ ತುಂಡು, ಅಂದರೆ ಬ್ರೇಕ್ ಪ್ಯಾಡ್, ಸವೆದಿದೆ. ಪ್ಯಾಡ್ ತೆಳ್ಳಗಾದಷ್ಟೂ ಒಳಗಿನ ಪಿಸ್ಟನ್ ಹೊರಗೆ ಬರುತ್ತದೆ, ಆ ಜಾಗ ತುಂಬಲು ಡಬ್ಬಿಯ ಆಯಿಲ್ ಕೆಳಗಿಳಿಯುತ್ತದೆ. ಅಂದರೆ ಕೆಂಪು ದೀಪ ಹತ್ತಿದ್ದೇ 'ಪ್ಯಾಡ್ ನೋಡಿ' ಅಂತ. ಪ್ಯಾಡ್ ನೋಡದೆ ಆಯಿಲ್ ಸುರಿದರೆ ದೀಪಕ್ಕೆ ಮಾತ್ರ ಉತ್ತರ ಕೊಟ್ಟ ಹಾಗಾಯಿತು. ಮಾರ್ಚ್ ಕೊನೆಗೆ ಮುಂದಿನ ಚಕ್ರದಲ್ಲಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಶುರುವಾಯಿತು. ಮೂರನೇ ಸಲ ಬಿಟ್ಟಾಗ 'ಪ್ಯಾಡ್ ಪೂರ್ತಿ ಸವೆದಿದೆ ಮೇಡಂ, ಇಷ್ಟು ದಿನ ಯಾಕೆ ಓಡಿಸಿದ್ರಿ' ಎಂದು ನನ್ನನ್ನೇ ಕೇಳಿದರು. ಐದು ವಾರದ ಹಿಂದೆ ಇದೇ ಶೆಡ್ಡಿನಲ್ಲಿ, ಇದೇ ಕಾರಿಗೆ ಆಯಿಲ್ ಸುರಿದಿದ್ದರು.

ಆ ಸಲ ಪ್ಯಾಡ್ ಹಾಕಿ, ಹಳೇ ಬ್ರೇಕ್ ಆಯಿಲ್ ಪೂರ್ತಿ ತೆಗೆದು ಹೊಸದು ತುಂಬಿದರು. ಅದು ಸರಿಯಾದ ಕೆಲಸ, ಒಪ್ಪುತ್ತೇನೆ. ಆ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ಡಾಟ್ 4 ಎಂಬ ಬಗೆ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಬೆಟ್ಟ ಇಳಿಯುವಾಗ ಬ್ರೇಕ್ ಕಾದು ಆಯಿಲ್ ಕುದಿದರೆ ಪೆಡಲ್ ಸುಮ್ನೆ ಒಳಗೆ ಹೋಗಿಬಿಡುತ್ತದೆ. ಅದಕ್ಕೇ ಸುಮಾರು ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅಂತ ಹೆಚ್ಚಿನ ಕಂಪನಿಗಳು ಹೇಳುತ್ತವೆ. ನನ್ನ ಕಾರಿಗೆ ನಾಲ್ಕು ವರ್ಷ ಆಗುತ್ತಾ ಬಂದಿತ್ತು. ಪ್ರತಿ ಸರ್ವಿಸನ್ನೂ ಅಲ್ಲೇ ಮಾಡಿಸಿದ್ದೆ. ಒಬ್ಬರೂ ಹೇಳಿರಲಿಲ್ಲ. ಎಸಿ ಕ್ಲೀನಿಂಗ್, ಬಾಡಿಗೆ ಕೋಟಿಂಗ್, ಎಂಜಿನ್ ಒಳಗಿನ ಮಸಿ ತೆಗೆಯುವುದು, ಇವನ್ನೆಲ್ಲ ಮಾಡಿಸಿ ಅಂತ ಮಾತ್ರ ಪ್ರತಿ ಸಲ ಹೇಳಿದ್ದರು.

ಹಳದಿ ದೀಪಕ್ಕೆ ಮತ್ತೆ ಕೋಡ್ ಅಳಿಸಿದರು. ಎರಡು ದಿನ ಬಿಟ್ಟು ಫೋನ್ ಬಂತು. 'ಮೇಡಂ, ಕಂಪನಿಯಿಂದ ಕಾಲ್ ಬರುತ್ತೆ, ದಯವಿಟ್ಟು ಹತ್ತಕ್ಕೆ ಹತ್ತು ಕೊಡಿ, ಕಡಿಮೆ ಕೊಟ್ರೆ ನಮ್ಮ ಇನ್ಸೆಂಟಿವ್ ಹೋಗುತ್ತೆ.' ಅದೇ ಅಡ್ವೈಸರ್ ಹುಡುಗ. ಅವನ ದನಿ ಕೇಳಿ ಕರುಳು ಚುರಕ್ ಅಂತು. ಹತ್ತು ಕೊಟ್ಟೆ. ಹಾಗೆ ಕೊಟ್ಟಿದ್ದು ತಪ್ಪು ಎಂದು ಈಗ ಅನಿಸುತ್ತದೆ. ಕಂಪನಿಯ ಲೆಕ್ಕದಲ್ಲಿ ನಾನು ಪೂರ್ತಿ ತೃಪ್ತಿಯಾದ ಗ್ರಾಹಕಿ. ದೀಪ ಮಾತ್ರ ಒಂಬತ್ತನೇ ದಿನ ಹತ್ತಿತು.

ಅಷ್ಟು ಹೊತ್ತಿಗೆ ನಾನು ಒಂದು ನೋಟ್‌ಬುಕ್ ಇಟ್ಟಿದ್ದೆ. ನಮ್ಮ ಕೆಲಸದ ಅಭ್ಯಾಸ ಅದು. ದೀಪ ಹತ್ತಿದ ತಾರೀಕು, ಸಮಯ, ಜಾಗ, ಎಷ್ಟು ವೇಗದಲ್ಲಿದ್ದೆ, ಯಾವ ಕಡೆ ತಿರುಗಿಸಿದ್ದೆ, ಮಳೆಯಿತ್ತೋ ಇಲ್ಲವೋ, ಎಲ್ಲ. ಇಪ್ಪತ್ಮೂರು ಸಲ ಬರೆದಿದ್ದೆ. ಅದರಲ್ಲಿ ಇಪ್ಪತ್ತೊಂದು ಸಲ ಬಲಕ್ಕೆ ಪೂರ್ತಿ ತಿರುಗಿಸುವಾಗ. ಹೈವೇಯಲ್ಲಿ ನೆಟ್ಟಗೆ ಹೋಗುವಾಗ ಒಂದು ಸಲವೂ ಇಲ್ಲ. ಏಪ್ರಿಲಿನಲ್ಲಿ ನಾಲ್ಕನೇ ಸಲ ಹೋದಾಗ ಆ ಪುಸ್ತಕ ಕೊಟ್ಟೆ. 'ಗಾಡಿ ಬಿಡುವಾಗ ಟೆಕ್ನಿಷಿಯನ್ ಜೊತೆ ಐದು ನಿಮಿಷ ಮಾತಾಡಬಹುದಾ' ಎಂದು ಕೇಳಿದೆ. ಒಳಗೆ ಗ್ರಾಹಕರಿಗೆ ಪ್ರವೇಶ ಇಲ್ಲ ಅಂದರು. 'ಸಾರ್ ಬಂದಿಲ್ವಾ ಮೇಡಂ, ಅವರಿಗೆ ಹೇಳಿದ್ರೆ ಅರ್ಥ ಆಗುತ್ತೆ' ಎಂದೂ ಒಬ್ಬರು ಕೇಳಿದರು. ಕಾರು ನನ್ನ ಹೆಸರಿನಲ್ಲಿದೆ. ಕಂತು ನನ್ನ ಸಂಬಳದಿಂದ ಹೋಗುತ್ತದೆ. ಓಡಿಸುವವಳೂ ನಾನು. ಇಂಥ ಮಾತು ಇನ್ನೊಬ್ಬ ಹೆಣ್ಣುಮಗಳಿಗೆ ಆಡಬೇಡಿ.

ಸಂಜೆ ಎಸ್ಟಿಮೇಟ್ ಕೊಟ್ಟರು. ಎಬಿಎಸ್ ಮಾಡ್ಯೂಲ್, ಅಂದರೆ ಎಬಿಎಸ್ ನಡೆಸುವ ಪೆಟ್ಟಿಗೆಯೇ ಹೋಗಿದೆ, ₹52,000 ಆಗುತ್ತದೆ, ವಾರಂಟಿ ಮುಗಿದಿದೆ. ಹೇಗೆ ಗೊತ್ತಾಯಿತು ಎಂದು ಕೇಳಿದೆ. 'ಸೆನ್ಸರ್ ಕ್ಲೀನ್ ಮಾಡಿದ್ವಿ, ಕೋಡ್ ಅಳಿಸಿದ್ವಿ, ಆದ್ರೂ ಬರ್ತಿದೆ, ಹಾಗಾದ್ರೆ ಮಾಡ್ಯೂಲೇ' ಅಂದರು. ಯಾವ ಕೋಡ್ ಬಂದಿತ್ತು ಎಂದು ಕೇಳಿದೆ. ಪ್ರಿಂಟ್ ಇಲ್ಲ. ಮೊದಲ ಮೂರು ಸಲದ್ದೂ ಇಲ್ಲ. ನನ್ನ ನೋಟ್‌ಬುಕ್ ಮೇಜಿನ ಮೇಲೆ ನಾನು ಇಟ್ಟ ಜಾಗದಲ್ಲೇ ಇತ್ತು.

ನಮ್ಮ ಐಸಿಯುನಲ್ಲಿ ಮಾನಿಟರ್ ದಿನಕ್ಕೆ ನೂರು ಸಲ ಕೂಗುತ್ತದೆ. ಎಷ್ಟೋ ಸಲ ರೋಗಿಗೆ ಏನೂ ಆಗಿರುವುದಿಲ್ಲ. ಆಮ್ಲಜನಕದ ಮಟ್ಟ ನೋಡಲು ಬೆರಳಿಗೆ ಹಾಕಿರುವ ಕ್ಲಿಪ್ ಸಡಿಲವಾಗಿರುತ್ತದೆ, ಇಲ್ಲವೇ ಅದರ ವೈರ್ ಒಳಗೇ ತುಂಡಾಗಿರುತ್ತದೆ. ಆದರೂ ಮೊದಲು ರೋಗಿಯ ಮುಖ ನೋಡುತ್ತೇವೆ. ಆಮೇಲೆ ಕ್ಲಿಪ್, ಆಮೇಲೆ ವೈರ್. ನೋಡಿದ್ದನ್ನು ಕೇಸ್ ಶೀಟಿನಲ್ಲಿ ಬರೆಯುತ್ತೇವೆ. ಮುಂದಿನ ಪಾಳಿಯವರಿಗೆ ಅದೇ ಆಧಾರ. ಸದ್ದು ನಿಲ್ಲಿಸುವ ಬಟನ್ ಒತ್ತಿ ಹೊರಟುಹೋದ ನರ್ಸ್ ಮಾರನೇ ದಿನ ಕೆಲಸದಲ್ಲಿ ಇರುವುದಿಲ್ಲ. ಇರಲೂ ಬಾರದು. ಬ್ರೇಕ್ ವಿಷಯದಲ್ಲಿ ನೀವೂ ಇಷ್ಟೇ ಮಾಡಿ ಅಂತ ಕೇಳುತ್ತಿದ್ದೇನೆ. ಇದು ಜಾಸ್ತಿ ಅಲ್ಲ, ಅಲ್ವಾ?

ಮೇ ತಿಂಗಳಲ್ಲಿ ಪಾಂಡವಪುರದ ಒಂದು ಸಣ್ಣ ಗ್ಯಾರೇಜಿಗೆ ಹೋದೆ. ನಮ್ಮ ಯಜಮಾನರ ಪರಿಚಯದವರು. ನಾನು 'ಅಣ್ಣ' ಅಂತೀನಿ, ಅವರು 'ಸಿಸ್ಟರಮ್ಮ' ಅಂತಾರೆ. ಅವರು ಮೊದಲು ಮಾಡಿದ್ದು ನನ್ನ ನೋಟ್‌ಬುಕ್ ಓದಿದ್ದು. ಆಮೇಲೆ ನನ್ನನ್ನೇ ಓಡಿಸಲು ಹೇಳಿ ಪಕ್ಕದಲ್ಲಿ ಕೂತರು. ಮೈದಾನದಲ್ಲಿ ಬಲಕ್ಕೆ ಸುತ್ತು ಹೊಡೆಸಿದರು. ಮೂರನೇ ಸುತ್ತಿಗೆ ದೀಪ ಹತ್ತಿತು. ವಾಪಸ್ ಬಂದು ಎಡ ಮುಂದಿನ ಚಕ್ರ ಬಿಚ್ಚಿದರು. ವೈರ್ ತುಂಡಾಗಿದೆಯೇ ಎಂದು ತೋರಿಸುವ ಮಲ್ಟಿಮೀಟರನ್ನು ಸೆನ್ಸರಿನ ವೈರಿಗೆ ಹಿಡಿದು, ಒಬ್ಬ ಹುಡುಗನಿಗೆ ಸ್ಟೇರಿಂಗ್ ತಿರುಗಿಸಲು ಹೇಳಿದರು. ಬಲಕ್ಕೆ ತಿರುಗಿಸಿದಾಗ ವೈರ್ ಎಳೆದುಕೊಂಡು ಮೀಟರಿನ ರೀಡಿಂಗ್ ಹೋಯಿತು. ನೆಟ್ಟಗೆ ಮಾಡಿದಾಗ ಬಂತು.

'ನೋಡಿ ಸಿಸ್ಟರಮ್ಮ, ವೈರು ಒಳಗೇ ತುಂಡಾಗದೆ. ಇಲ್ಲೊಂದು ಕ್ಲಿಪ್ ಇರ್ಬೇಕಿತ್ತು, ಅದೇ ಇಲ್ಲ. ತಿರುಗ್ಸಿದಾಗೆಲ್ಲ ಎಳ್ಕಂಡು ಎಳ್ಕಂಡು ಹಿಂಗಾಗದೆ' ಅಂದರು.

ಹೊಸ ಸೆನ್ಸರ್ ವೈರ್ ಸಮೇತ ₹2,350. ಕೂಲಿ ₹400. ಕ್ಲಿಪ್ಪಿಗೆ ದುಡ್ಡು ತಗೊಳ್ಳಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ ದೀಪ ಹತ್ತಿಲ್ಲ. ಆ ಕ್ಲಿಪ್ ಯಾವಾಗ ಹೋಯಿತು, ಯಾರ ಕೈಯಲ್ಲಿ ಬಿಟ್ಟುಹೋಯಿತು ಎಂದು ನಾನು ಹೇಳಲಾರೆ. ಆದ್ದರಿಂದ ಅದನ್ನು ಯಾರ ಮೇಲೂ ಹೊರಿಸುವುದಿಲ್ಲ. ನಾಲ್ಕು ಸಲ ಬಿಟ್ಟಾಗ ಒಬ್ಬರೂ ಆ ವೈರನ್ನು ಸ್ಟೇರಿಂಗ್ ತಿರುಗಿಸಿ ನೋಡಲಿಲ್ಲ. ಅದನ್ನು ಮಾತ್ರ ಹೇಳಬಲ್ಲೆ. ರಿಂಗ್ ರೋಡಿನಲ್ಲಿ ನೆಟ್ಟಗೆ ಒಂದು ಟ್ರಯಲ್ ಹೊಡೆದು, ದೀಪ ಬರಲಿಲ್ಲ ಅಂತ ಕೊಟ್ಟುಬಿಟ್ಟರು. ನೆಟ್ಟಗೆ ಹೋದರೆ ಬರುವುದಿಲ್ಲ ಅಂತ ನೋಟ್‌ಬುಕ್ಕಿನಲ್ಲೇ ಇತ್ತಲ್ಲ.

ಆ ಅಣ್ಣ ಆ ದಿನ ಇನ್ನೊಂದು ಮಾತು ಹೇಳಿದರು. ಅವರ ಹತ್ತಿರ ಇರುವ ಸಣ್ಣ ಸ್ಕ್ಯಾನರ್ ಎಂಜಿನ್ ಕೋಡ್ ಮಾತ್ರ ಓದುತ್ತದೆ, ಎಬಿಎಸ್ ಕೋಡ್ ಓದುವುದಿಲ್ಲ. ಕೋಡ್ ಇದ್ದಿದ್ದರೆ ಯಾವ ಚಕ್ರ ಎಂದು ಹತ್ತು ನಿಮಿಷದಲ್ಲಿ ಹೇಳುತ್ತಿದ್ದರಂತೆ. ಬ್ರೇಕಿಗೆ ಸಂಬಂಧಪಟ್ಟ ಕೋಡ್‌ಗಳು 'ಸಿ' ಅಕ್ಷರದಿಂದ ಶುರುವಾಗುತ್ತವೆ. ಉದಾಹರಣೆಗೆ ಸಿ0035 ಅಂದರೆ ಎಡ ಮುಂದಿನ ಚಕ್ರದ ಸೆನ್ಸರ್ ಅಂತ ಅರ್ಥ. ದೀಪ ತಾನಾಗಿ ಆರಿದರೂ ಕೋಡ್ ಕಾರಿನ ನೆನಪಿನಲ್ಲಿ ಉಳಿದಿರುತ್ತದೆ. ಬರುತ್ತಾ ಹೋಗುತ್ತಾ ಇರುವ ದೋಷ ಹಿಡಿಯಲು ಇರುವ ಒಳ್ಳೆಯ ಸುಳಿವು ಅದೇ. ಸರ್ವಿಸ್ ಸೆಂಟರಿನವರು ಪ್ರತಿ ಸಲ ಮೊದಲು ಅಳಿಸುತ್ತಿದ್ದದ್ದು ಅದನ್ನೇ. ಕಂಪನಿಗಳು ಬಿಡಿಭಾಗ ಮತ್ತು ಸ್ಕ್ಯಾನರುಗಳನ್ನು ಹೊರಗಿನ ಗ್ಯಾರೇಜುಗಳಿಗೆ ಕೊಡುತ್ತಿಲ್ಲ ಎಂಬ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2014ರಲ್ಲೇ 14 ಕಾರು ಕಂಪನಿಗಳಿಗೆ ಒಟ್ಟು ₹2,544 ಕೋಟಿ ದಂಡ ಹಾಕಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು. ಪಾಂಡವಪುರದ ಗ್ಯಾರೇಜಿಗೆ ಇವತ್ತಿಗೂ ಆ ಸ್ಕ್ಯಾನರ್ ಬಂದಿಲ್ಲ.

ಸಾರಿಗೆ ಆಯುಕ್ತರೆ, ಈಗ ನಿಮ್ಮ ಹತ್ತಿರ ಮಾತಾಡುತ್ತೇನೆ.

2019ರ ಏಪ್ರಿಲಿನಿಂದ ಮಾರುವ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯವಾಯಿತು. ಒಳ್ಳೆಯ ನಿಯಮ. ಎಷ್ಟೋ ಜೀವ ಉಳಿದಿರುತ್ತದೆ. ಆದರೆ ಕಾರು ಶೋರೂಮಿನಿಂದ ಹೊರಗೆ ಬಂದ ಮೇಲೆ ಅದು ಕೆಲಸ ಮಾಡುತ್ತಿದೆಯೇ ಎಂದು ಯಾರು ನೋಡುತ್ತಾರೆ? ಹೊಗೆ ಪರೀಕ್ಷೆಗೆ ವರ್ಷಕ್ಕೊಮ್ಮೆ ಹೋಗುತ್ತೇವೆ. ಸರ್ಟಿಫಿಕೇಟ್ ಇಲ್ಲದಿದ್ದರೆ ದಂಡ. ಸ್ವಂತ ಕಾರಿನ ಬ್ರೇಕ್ ಪರೀಕ್ಷೆಯಾಗುವುದು 15 ವರ್ಷಕ್ಕೆ ರಿಜಿಸ್ಟ್ರೇಷನ್ ನವೀಕರಿಸುವಾಗ. ಅಲ್ಲಿಯವರೆಗೆ ಸರ್ವಿಸ್ ಸೆಂಟರಿನವರು ಹೇಳಿದ್ದೇ ಮಾತು.

ದೋಷವಿರುವ ಗಾಡಿ ಓಡಿಸಿದರೆ ಹೊಣೆ ಮಾತ್ರ ನಮ್ಮದು. ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್ ಇದೆ. ಗಾಡಿಯಲ್ಲಿ ಅಪಾಯ ತರುವಂಥ ದೋಷವಿದೆ ಎಂದು ಗೊತ್ತಿದ್ದು ಓಡಿಸಿದರೆ, ಅಥವಾ ಸಾಧಾರಣ ಎಚ್ಚರ ವಹಿಸಿದ್ದರೆ ಗೊತ್ತಾಗುವಂತಿದ್ದರೂ ಓಡಿಸಿದರೆ ₹1,500 ದಂಡ. ಅದರಿಂದ ಅಪಘಾತವಾಗಿ ಯಾರಿಗಾದರೂ ಪೆಟ್ಟಾದರೆ ಜೈಲೂ ಆಗಬಹುದು. ಸರಿ, ಒಪ್ಪೋಣ. ನಾನು ಆ ಎಚ್ಚರ ವಹಿಸಿದೆ. ನಾಲ್ಕು ಸಲ ತೋರಿಸಿದೆ. ಅದರಲ್ಲಿ ಮೂರು ಸಲ 'ಸರಿಯಾಗಿದೆ' ಎಂಬ ಕಾಗದ ತಂದೆ. ನಾಳೆ ಏರಿಯ ಮೇಲೆ ಏನಾದರೂ ಆಗಿದ್ದರೆ ಆ ಕಾಗದಕ್ಕೆ ಸಹಿ ಹಾಕಿದವರ ಹೊಣೆ ಎಷ್ಟು?

ಆ ಕಾಗದದಲ್ಲಿ ಏನಿದೆ ಗೊತ್ತೇ? ಜಾಬ್ ಕಾರ್ಡಿನಲ್ಲಿ ನನ್ನ ದೂರು ಮೊದಲ ಸಲ 'ಜನರಲ್ ಚೆಕಪ್' ಎಂದಿದೆ. ಎರಡನೇ ಸಲ 'ಲೈಟ್ ಚೆಕ್'. ಮೂರನೇ ಸಲ 'ಬ್ರೇಕ್ ನಾಯ್ಸ್'. ನಾಲ್ಕನೆಯದರಲ್ಲಿ ಮಾತ್ರ ಎಬಿಎಸ್ ಎಂಬ ಅಕ್ಷರ ಇದೆ. ಎಲ್ಲವೂ ಇಂಗ್ಲಿಷಿನಲ್ಲಿ. ತಿರುಗಿಸುವಾಗ ಹತ್ತುತ್ತದೆ ಎಂಬ ಮಾತು ಎಲ್ಲೂ ಇಲ್ಲ. ಇದರ ತೊಂದರೆ ನನ್ನೊಬ್ಬಳದ್ದಲ್ಲ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 110ಎ ಎಂಬ ಸೆಕ್ಷನ್ ಬಂದಿದೆ. ಒಂದೇ ಬಗೆಯ ಕಾರಿನಲ್ಲಿ ಒಂದೇ ದೋಷ ಇದೆ ಎಂದು ನಿಗದಿತ ಸಂಖ್ಯೆಯ ಮಾಲೀಕರು ದೂರು ಕೊಟ್ಟರೆ, ಸರ್ಕಾರ ಆ ಕಾರುಗಳನ್ನು ವಾಪಸ್ ಕರೆಸಿ ಸರಿಮಾಡಿಸಬಹುದು. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಏಳು ವರ್ಷದೊಳಗಿನ ವಾಹನಗಳಿಗೆ ಅನ್ವಯಿಸುತ್ತವೆ. ಆದರೆ ದೂರು 'ಜನರಲ್ ಚೆಕಪ್' ಎಂದು ದಾಖಲಾದರೆ ಎಣಿಸುವುದು ಯಾರು, ಹೇಗೆ? ನನ್ನ ಹಾಗೇ ಇನ್ನೂ ಇನ್ನೂರು ಕಾರುಗಳಲ್ಲಿ ಅದೇ ಜಾಗದಲ್ಲಿ ಕ್ಲಿಪ್ ಕಳಚುತ್ತಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ.

ನಾನು ಕೇಳುವುದು ಒಂದೇ ಕಾಗದ. ಬ್ರೇಕಿಗೆ ಸಂಬಂಧಪಟ್ಟ ದೀಪ ಹತ್ತಿದೆ ಎಂದು ಯಾರೇ ಗಾಡಿ ತಂದರೂ, ಕೋಡ್ ಅಳಿಸುವ ಮೊದಲು ಅದರ ಪ್ರಿಂಟ್ ತೆಗೆದು ಗ್ರಾಹಕರ ಕೈಗೆ ಕೊಡಬೇಕು. ಕೆಲಸ ಮುಗಿದ ಮೇಲೆ ಇನ್ನೊಂದು ಪ್ರಿಂಟ್. ಏನು ಹುಡುಕಿದರು, ಏನು ಸಿಕ್ಕಿತು ಎಂಬುದು ಅದರ ಕೆಳಗೆ ಎರಡು ಸಾಲು, ಕೆಲಸ ಮಾಡಿದವರ ಸಹಿಯೊಂದಿಗೆ. ಸ್ಕ್ಯಾನರ್ ಕೋಡನ್ನು ಹೇಗೂ ತೋರಿಸುತ್ತದೆ. ಒಂದು ಹಾಳೆಯ ಖರ್ಚು. ಇದನ್ನು ಅಧಿಕೃತ ಸರ್ವಿಸ್ ಸೆಂಟರುಗಳಿಗೆ ಕಡ್ಡಾಯ ಮಾಡಲು ಬೇಕಾದ ಆದೇಶ ಹೊರಡಿಸಿ. ನಿಮ್ಮ ಅಧಿಕಾರಕ್ಕೆ ಮೀರಿದ್ದಾದರೆ ಕೇಂದ್ರದ ಸಾರಿಗೆ ಸಚಿವಾಲಯಕ್ಕೆ ಬರೆಯಿರಿ. ಈ ಒಂದು ಕಾಗದ ಇದ್ದಿದ್ದರೆ ನನ್ನ ಕಾರು ಫೆಬ್ರವರಿಯಲ್ಲೇ ಸರಿಯಾಗುತ್ತಿತ್ತು.

ಕಂಪನಿಯವರೆ, ನಿಮ್ಮಲ್ಲಿ ಕೇಳುವುದಕ್ಕೆ ಸರ್ಕಾರದ ಆದೇಶ ಬೇಕಿಲ್ಲ. ಜಾಬ್ ಕಾರ್ಡಿನಲ್ಲಿ ಗ್ರಾಹಕರ ದೂರನ್ನು ಅವರ ಮಾತಿನಲ್ಲೇ, ಕನ್ನಡದಲ್ಲೇ ಬರೆದುಕೊಳ್ಳಿ. ನಮ್ಮ ಕಡೆಯ ರೈತರು ಕಾರು ತಂದು ನಿಮ್ಮ ಮೇಜಿನ ಮುಂದೆ ನಿಂತು, ಓದಲಾಗದ ಕಾಗದಕ್ಕೆ ಸಹಿ ಹಾಕುವುದನ್ನು ನಾನೇ ನೋಡಿದ್ದೇನೆ. ಬರುತ್ತಾ ಹೋಗುತ್ತಾ ಇರುವ ದೋಷವಾದರೆ ಗ್ರಾಹಕರನ್ನೇ ಸ್ಟೇರಿಂಗಿಗೆ ಕೂರಿಸಿ, ನಿಮ್ಮ ಟೆಕ್ನಿಷಿಯನ್ ಪಕ್ಕದಲ್ಲಿ ಕೂರಲಿ. ದೀಪ ಯಾವಾಗ ಹತ್ತುತ್ತದೆ ಅಂತ ನಮಗೆ ಗೊತ್ತು, ಯಾಕೆ ಅಂತ ಅವರಿಗೆ ಗೊತ್ತು. ಇಬ್ಬರೂ ಮಾತಾಡದ ಹಾಗೆ ನಡುವೆ ಗಾಜಿನ ಗೋಡೆ ಕಟ್ಟಿದ್ದೀರಿ. ಅದೇ ದೀಪ ಎರಡನೇ ಸಲ ಹತ್ತಿದರೆ, ಕಾರಣ ಸಿಗುವವರೆಗೆ ಬಿಲ್ಲು ಮಾಡಬೇಡಿ.

ನಿಮ್ಮ ಶೆಡ್ಡಿನ ಹುಡುಗರ ಮೇಲೆ ನನಗೆ ಕೋಪವಿಲ್ಲ. ನಮ್ಮೂರಿನ ಒಬ್ಬ ಹುಡುಗ ಐಟಿಐ ಮಾಡಿ ಮೈಸೂರಿನಲ್ಲಿ ಇಂಥದೇ ಕೆಲಸದಲ್ಲಿದ್ದಾನೆ. ಒಂದು ಕಾರಿಗೆ ಇಷ್ಟೇ ಹೊತ್ತು ಅಂತ ಲೆಕ್ಕ ಇರುತ್ತದಂತೆ. ಪ್ಯಾಡ್ ಬದಲಾಯಿಸಿದರೆ ಲೆಕ್ಕಕ್ಕೆ ಬರುತ್ತದೆ, ವೈರ್ ಹಿಡಿದು ಒಂದು ಗಂಟೆ ಹುಡುಕಿದರೆ ಬರುವುದಿಲ್ಲ. 'ಹುಡುಕೋಕೆ ಬಿಟ್ರೆ ಹುಡುಕ್ತೀವಕ್ಕ' ಅಂದ. ಹುಡುಕುವ ಆ ಒಂದು ಗಂಟೆಗೆ ದುಡ್ಡು ಕೇಳಿ, ಕೊಡುತ್ತೇನೆ. ನಾಲ್ಕು ಸಲ ಕಾರು ಬಿಟ್ಟು, ನಾಲ್ಕು ದಿನ ರಜೆ ಹಾಕಿದ್ದಕ್ಕಿಂತ ಅದು ಕಡಿಮೆಯೇ.

ಈ ಪತ್ರ ಓದುವ ಉಳಿದವರಿಗೂ ಎರಡು ಮಾತು. ದೀಪ ಹತ್ತಿದ ತಕ್ಷಣ, ಗಾಡಿ ನಿಲ್ಲಿಸಿಕೊಂಡು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಕೋಡ್ ಏನು ಅಂತ ಬಾಯಿಬಿಟ್ಟು ಕೇಳಿ. ಜಾಬ್ ಕಾರ್ಡ್ ಓದದೆ ಸಹಿ ಹಾಕಬೇಡಿ. ಎಲ್ಲ ಕಾಗದವನ್ನೂ ಇಟ್ಟುಕೊಳ್ಳಿ. ಮಾತು ನಡೆಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. 2019ರ ಗ್ರಾಹಕರ ರಕ್ಷಣಾ ಕಾಯ್ದೆಯ ಪ್ರಕಾರ, ತೊಂದರೆಯಾದ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಕಾರು ಸರ್ವಿಸ್ ಆಗಿದ್ದು ಮೈಸೂರಿನಲ್ಲಾದರೂ, ನೀವು ಇರುವುದು ಮಂಡ್ಯ ಜಿಲ್ಲೆಯಲ್ಲಾದರೆ ಮಂಡ್ಯದಲ್ಲೇ ಕೊಡಬಹುದು. ಕೊಟ್ಟ ಹಣ ₹5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.

ನನ್ನ ನಾಲ್ಕು ಜಾಬ್ ಕಾರ್ಡು, ಎಸ್ಟಿಮೇಟು, ನೋಟ್‌ಬುಕ್ಕಿನ ಪುಟಗಳು, ತುಂಡಾದ ವೈರಿನ ಫೋಟೋ, ಎಲ್ಲದರ ನಕಲನ್ನೂ ಆಯುಕ್ತರ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ದೀಪಾವಳಿ ಕಳೆದ ಮೇಲೆ ನನ್ನ ಕಾರಿನ ಮುಂದಿನ ಸರ್ವಿಸ್ ಇದೆ. ಅದೇ ಸರ್ವಿಸ್ ಸೆಂಟರಿಗೆ ಬರುತ್ತೇನೆ. ಅವತ್ತು ನಾಲ್ಕೂ ಚಕ್ರದ ಸೆನ್ಸರ್ ವೈರಿನ ಕ್ಲಿಪ್ ಇದೆಯೇ ಎಂದು ನನ್ನ ಎದುರು ತೋರಿಸಿ, ಬ್ರೇಕಿನ ಕೋಡ್ ಪ್ರಿಂಟ್ ಕೊಡುತ್ತೀರಾ? ಅಷ್ಟರೊಳಗೆ ತಿಳಿಸಿ.

ಇಂತಿ,
ಪಾಂಡವಪುರ ತಾಲೂಕಿನ ಒಬ್ಬ ಸ್ಟಾಫ್ ನರ್ಸ್